ನಿನ್ನೆಯಷ್ಟೇ ಕೊಟ್ಟಾಯಿತು

“ಹೇಮಕ್ಕ, ಕಾವೂರಿನ ಆ ಮೇಲಿನ ಮನೆ ಯಾವಾಗ ಕೊಟ್ಟದ್ದು? ಲಿಸ್ಟಲ್ಲಿ ಖಾಲಿ ಅಂತಲೇ ಉಂಟಲ್ಲ” ಎಂದು ಜುವೈರಿಯಾ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದಾಗ ಹೇಮಾಕ್ಷಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ಮುಚ್ಚಳ ಪೂರ್ತಿ ಬಿಗಿಯಾದ ಮೇಲೂ ಅವಳ ಕೈ ತಿರುಗಿಸುತ್ತಲೇ ಇತ್ತು. ಆ ಮನೆಯನ್ನು ಯಾರಿಗೂ ಕೊಟ್ಟಿರಲಿಲ್ಲ. ಏಪ್ರಿಲಿನಿಂದ ಅದು ಖಾಲಿ ಬಿದ್ದಿತ್ತು. ಇದು ಅವಳಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು. ಅದು ಅವಳದೇ ಮನೆ. ಕೆಳಗೆ ಅವಳು ಮತ್ತು ಅವಳ ಗಂಡ ಬೋಜ, ಮೇಲಿನದು ಬಾಡಿಗೆಗೆ. ಇವತ್ತು ಬೆಳಿಗ್ಗೆ ಕೂಡ ಅವಳು ಮೇಲೆ ಹೋಗಿ, ಮುಚ್ಚಿದ ಮನೆಯ ಮುಗ್ಗಲು ವಾಸನೆ ಹೋಗಲೆಂದು ಕಿಟಕಿಗಳನ್ನು ತೆರೆದು ಹತ್ತು ನಿಮಿಷ ಸುಮ್ಮನೆ ನಿಂತು ಬಂದಿದ್ದಳು. ಆದರೆ ಆಫೀಸಿನ ವೆಬ್‌ಸೈಟಿನಲ್ಲಿ ಮನೆ ಇದ್ದದ್ದು ಬೋಜನ ಹೆಸರಿನಲ್ಲಿ, ಆಫೀಸಿನಲ್ಲಿ ಅದು ತನ್ನದೆಂದು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಬಾರದೆಂದೇನೂ ಇರಲಿಲ್ಲ, ಹೇಳುವ ಸಂದರ್ಭ ಬರಲಿಲ್ಲ ಎಂದು ಅವಳು ಅಂದುಕೊಂಡಿದ್ದಳು. ಸಂದರ್ಭ ಬಂದಾಗಲೆಲ್ಲ ನೀರು ಕುಡಿಯಲು ಎದ್ದು ಹೋದದ್ದನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. “ಕೊಟ್ಟಾಯಿತು ಅಂತ ಯಾರು ಹೇಳಿದ್ದು?” ಎಂದಳು. ಸ್ವರ ಎಂದಿನಂತೆಯೇ ಬಂತು. “ಮನೆ ಅಕ್ಕ” ಎಂದಳು ಜುವೈರಿಯಾ.

ಮನೆ ಅಕ್ಕ ಎಂದರೆ ಮನುಷ್ಯಳಲ್ಲ. ಬಲ್ಮಠದ ಈ ಎರಡನೇ ಮಾಳಿಗೆಯ ಆಫೀಸಿನಿಂದ ನಡೆಯುವ ಬಾಡಿಗೆ ಮನೆಗಳ ವೆಬ್‌ಸೈಟಿಗೆ ಬರುವ ಸೋಮವಾರ ಸೇರಿಕೊಳ್ಳಲಿರುವ ಚಾಟ್‌ಬಾಟ್. ಮನೆ ಹುಡುಕುವವರು ಪುಟದ ಮೂಲೆಯ ಪುಟ್ಟ ಚೌಕವನ್ನು ಒತ್ತಿ ಏನು ಕೇಳಿದರೂ ಇನ್ನು ಮುಂದೆ ಅದೇ ಉತ್ತರಿಸಬೇಕು. ಇಷ್ಟು ದಿನ, ಸರಿಯಾಗಿ ಹೇಳುವುದಾದರೆ ಒಂಬತ್ತು ವರ್ಷ, ಉತ್ತರಿಸುತ್ತಿದ್ದವಳು ಹೇಮಾಕ್ಷಿ. ಅವಳ ಕೆಲಸಕ್ಕೆ ಸಂಚಕಾರವೇನೂ ಇರಲಿಲ್ಲ; ಮನೆ ಕೊಡುವವರ ಹತ್ತಿರ ಮಾತಾಡುವುದೇ ಬೇಕಾದಷ್ಟಿದೆ, ಇನ್ನು ನೀವು ಅದನ್ನು ನೋಡಿಕೊಳ್ಳಿ ಎಂದು ಆಫೀಸಿನ ಯಜಮಾನರಾದ ಲಯನೆಲ್ ಮೊದಲೇ ಹೇಳಿಬಿಟ್ಟಿದ್ದರು. ಎರಡು ವರ್ಷದಿಂದ ಸೈಟನ್ನು ನೋಡಿಕೊಳ್ಳುತ್ತಿದ್ದ ಜುವೈರಿಯಾ ಬಾಟ್‌ಗೆ ಮೊದಲು ಕಲಿಸಿದ್ದು ಎಲ್ಲಿಂದಲೋ ತಂದ ಚೆಂದದ ವಾಕ್ಯಗಳನ್ನು. ಅದು ‘ತಮ್ಮ ವಿಚಾರಣೆಗೆ ಧನ್ಯವಾದಗಳು’ ಎಂದು ಬ್ಯಾಂಕಿನವರ ಹಾಗೆ ಮಾತಾಡಿತು. ಲಯನೆಲ್ ಮುಖ ಸಿಂಡರಿಸಿ, “ಇದು ಬೇಡ ಮಾರಾಯ್ತಿ. ಹೇಮಾಕ್ಷಿ ಮಾತಾಡಿದ ಹಾಗೆ ಇರ್ಬೇಕು. ಅವರ ಹಳೇ ಚಾಟೆಲ್ಲ ಉಂಟಲ್ಲ, ಅದನ್ನೇ ಕೊಡಿ ಅದಕ್ಕೆ” ಎಂದರು. ಒಂಬತ್ತು ವರ್ಷದ ಅವಳ ಮಾತು ಹಾಗೆ ಅದರ ಹೊಟ್ಟೆ ಸೇರಿತು. ಮರುದಿನ ಅದು “ಬನ್ನಿ, ಯಾವ ಕಡೆ ಬೇಕು ಮನೆ? ಬಾವಿ ನೀರು ಆಗಬಹುದಾ, ನಳ್ಳಿಯೇ ಆಗಬೇಕಾ?” ಎಂದು ಕೇಳಿದಾಗ ಇಡೀ ಆಫೀಸು ನಕ್ಕಿತ್ತು. ಗಿರಾಕಿಗಳು ಅವಳನ್ನು ಅಕ್ಕ ಎನ್ನುತ್ತಿದ್ದುದರಿಂದ ಅದಕ್ಕೂ ಅಕ್ಕ ಎಂದೇ ಹೆಸರಾಯಿತು. ಆ ಸಂಜೆ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಅವಳು ಒಬ್ಬಳೇ ನಕ್ಕಿದ್ದಳು, ಮನೆಗೆ ಹೋಗಿ ಹೇಳಿದರೆ ಬೋಜ, “ಇನ್ನು ನೀನು ಸತ್ತ ಮೇಲೂ ನಿನ್ನ ಬಾಯಿ ಮುಚ್ಚುವುದಿಲ್ಲ” ಎಂದಿದ್ದ. ಅವಳಿಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತ್ತು.

ಈಗ ಎದ್ದು ಹೋಗಿ ಜುವೈರಿಯಾಳ ಕುರ್ಚಿಯ ಹಿಂದೆ ನಿಂತಳು. ಹುಡುಗಿ ತನ್ನದೇ ಹೆಸರಿನಲ್ಲಿ ಸೈಟಿಗೆ ಹೋಗಿ, ಕಾವೂರು ಕೆರೆಯ ಹತ್ತಿರದ ಎರಡು ಕೋಣೆಯ ಮೇಲಿನ ಮನೆ ಖಾಲಿ ಉಂಟಾ ಎಂದು ಕೇಳಿದ್ದಳು. ಕೆಳಗೆ ಉತ್ತರವಿತ್ತು. ‘ಛೆ ಜುವೈರಿಯಾ, ಆ ಮನೆ ನಿನ್ನೆಯಷ್ಟೇ ಕೊಟ್ಟಾಯಿತು. ಒಂದು ದಿನ ಮೊದಲು ಕೇಳಿದ್ದರೆ ಆಗುತ್ತಿತ್ತು. ಬೇಜಾರು ಮಾಡಬೇಡಿ, ಆ ಕಡೆ ಬೇರೆ ಬಂದರೆ ನಿಮಗೇ ಮೊದಲು ಹೇಳುತ್ತೇನೆ.’ ಹೇಮಾಕ್ಷಿ ಅದನ್ನು ಎರಡು ಸಲ ಓದಿದಳು. ಆ ಛೆ ಅವಳದು. ಒಂದು ದಿನ ಮೊದಲು ಎಂಬುದು ಅವಳದು. ನಿಮಗೇ ಎಂಬಲ್ಲಿಯ ಒತ್ತು ಕೂಡ ಅವಳದೇ. “ಅದು ಲಿಸ್ಟ್ ನೋಡಿಯೇ ಹೇಳ್ಬೇಕು ಅಕ್ಕ,” ಎಂದಳು ಜುವೈರಿಯಾ. “ನೋಡಿದ್ದೂ ಹೌದು. ಎಂತ ಎಲ್ಲ ಮಾಡಿದ್ದು ಅಂತ ಇಲ್ಲಿ ಬರೆದು ಬರ್ತದೆ. ಖಾಲಿ ಅಂತ ನೋಡಿದೆ, ಮತ್ತೆ ಕೊಟ್ಟಾಯಿತು ಅಂತ ಹೇಳಿದೆ. ಯಾಕೆ ಅಂತ ಗೊತ್ತಾಗುವುದಿಲ್ಲ.” ಹೇಮಾಕ್ಷಿಗೆ ಯಾಕೆ ಎಂದು ಗೊತ್ತಿತ್ತು. ಹೇಳಲು ಬಾಯಿ ತೆರೆದಳು. “ಎಂತದಾದರೂ ಬಗ್ ಇರ್ಬೇಕು” ಎಂಬ ಮಾತು ಹೊರಬಂತು. ತನಗೆ ಅರ್ಥವೇ ಗೊತ್ತಿಲ್ಲದ ಶಬ್ದ ಇಷ್ಟು ಸಲೀಸಾಗಿ ಬಾಯಿಗೆ ಬಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. “ಇರ್ಬೇಕು,” ಎಂದು ಜುವೈರಿಯಾ ಒಪ್ಪಿಕೊಂಡು ಹುಡುಕಲು ಕುಳಿತಳು.

ತನ್ನ ಮೇಜಿಗೆ ಮರಳಿದ ಹೇಮಾಕ್ಷಿ ಶಕ್ತಿನಗರದ ಒಬ್ಬರಿಗೆ ಫೋನು ಮಾಡಿ ಅವರ ಮನೆಯ ಗೇಟಿನ ಅಗಲ ಕೇಳಿ ಬರೆದುಕೊಂಡಳು, ಕಾರು ಹೋಗುತ್ತದೋ ಇಲ್ಲವೋ ಎಂದು ಜನ ಕೇಳುತ್ತಾರೆ. ಶಕ್ತಿನಗರ ಎಂದು ಬರೆಯುವಾಗ ಕೈ ತಡೆಯಿತು. ಆ ವಾಕ್ಯ ಹುಟ್ಟಿದ್ದೇ ಶಕ್ತಿನಗರದ ಒಂದು ಮನೆಯ ವಿಷಯದಲ್ಲಿ. ಅವಳು ಕೆಲಸಕ್ಕೆ ಸೇರಿದ ಎರಡನೇ ವಾರ, ಆಗ ಇನ್ನೂ ಫೋನೇ ಹೆಚ್ಚು. ಮೊಯ್ದೀನಬ್ಬ ಎಂದು ಹೆಸರು ಹೇಳಿದ ಒಬ್ಬರು, ಮಗಳ ಶಾಲೆಗೆ ಹತ್ತಿರವಾಗುತ್ತದೆ, ಆ ಮನೆ ನೋಡಬಹುದಾ ಎಂದು ಕೇಳಿದರು. ಹೊಸಬಳಾದ ಹೇಮಾಕ್ಷಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: “ಅವರು ನಿಮ್ಮ ಜನಕ್ಕೆ ಕೊಡುವುದಿಲ್ಲ ಅಂತೆ.” ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. ಯಾರೋ ಮಗು ಮಗ್ಗಿ ಹೇಳುತ್ತಿತ್ತು. ಅವರು ಸಿಟ್ಟುಗೊಳ್ಳಲಿಲ್ಲ, ಸಿಟ್ಟುಗೊಂಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. “ಆಯ್ತಮ್ಮ” ಎಂದು ಫೋನಿಟ್ಟರು. ಅವತ್ತು ಮಧ್ಯಾಹ್ನ ಅವಳಿಗೆ ಅನ್ನ ಇಳಿಯಲಿಲ್ಲ. ಇನ್ನು ಯಾರ ಹತ್ತಿರವೂ ಹಾಗೆ ಹೇಳಬಾರದು ಎಂದು ನಿಶ್ಚಯಿಸಿ ಅವಳು ಆ ವಾಕ್ಯವನ್ನು ಕೂತು ಕಟ್ಟಿದ್ದಳು. ಹೋದ ವಾರ ಕೊಟ್ಟಾಯಿತು ಎಂದರೆ ಮತ್ತೆ ಸೈಟಿನಲ್ಲಿ ಯಾಕೆ ಇಟ್ಟಿದ್ದೀರಿ ಎನ್ನುತ್ತಾರೆ. ನಿನ್ನೆ ಎಂದರೆ ಯಾರ ತಪ್ಪೂ ಅಲ್ಲ, ದಿನದ ತಪ್ಪು. ಛೆ ಎಂಬುದನ್ನು ಆಮೇಲೆ ಸೇರಿಸಿದಳು, ಅದು ಮಾತ್ರ ನಿಜವಾದದ್ದಾಗಿತ್ತು. ಮೋಸವೆಂದು ಅವಳಿಗೆ ಒಂದು ದಿನವೂ ಅನಿಸಲಿಲ್ಲ. ಕೊಡುವುದಿಲ್ಲ ಎನ್ನುವವರು ಎಲ್ಲ ಕಡೆಯೂ ಇದ್ದರು: ನಮ್ಮ ಇಗರ್ಜಿಯವರೇ ಆಗಬೇಕು ಎನ್ನುವವರು, ಮೀನು ಬೇಯಿಸುವವರು ಬೇಡ ಎನ್ನುವವರು, ನಮ್ಮ ಜಮಾತಿನವರಾದರೆ ಒಳ್ಳೆಯದಿತ್ತು ಎಂದು ನಾಚಿಕೊಂಡೇ ಹೇಳುವವರು. ಯಾರೂ ಬರೆದು ಕೊಡುತ್ತಿರಲಿಲ್ಲ, ಫೋನಿನಲ್ಲಿ ಸ್ವರ ತಗ್ಗಿಸಿ ಹೇಳುತ್ತಿದ್ದರು. ಅವಳೂ ಎಲ್ಲಿಯೂ ಬರೆದಿಡಲಿಲ್ಲ, ತಲೆಯಲ್ಲಿ ಇಟ್ಟುಕೊಂಡಳು. ಅವರ ಬೇಡವನ್ನು ಇವಳು ನಿನ್ನೆ ಮಾಡಿ ಕೊಡುತ್ತಿದ್ದಳು. ಒಂಬತ್ತು ವರ್ಷದಲ್ಲಿ ಒಬ್ಬರೂ ದೂರು ಕೊಡಲಿಲ್ಲ. ಎಲ್ಲಿಯೂ ಬರೆದಿಡದ್ದರಿಂದ ಆ ಬೇಡ ಯಾವ ಕಂಪ್ಯೂಟರಿನಲ್ಲಿಯೂ ಇರಲಿಲ್ಲ, ಜುವೈರಿಯಾ ಎಷ್ಟು ಹುಡುಕಿದರೂ ಸಿಗುವ ಹಾಗಿರಲಿಲ್ಲ. ಯಾವ ಹೆಸರು ಬಂದಾಗ ಯಾವ ಮನೆ ನಿನ್ನೆ ಹೋಗುತ್ತದೆ ಎಂಬುದನ್ನು ಮಾತ್ರ ಆ ಯಂತ್ರ ನೋಡಿ ಕಲಿತಿತ್ತು.

ಊಟದ ಹೊತ್ತಿಗೆ ಜುವೈರಿಯಾ ಎದ್ದು ಬರಲಿಲ್ಲ. ದಿನವೂ ಇಬ್ಬರೂ ಕಿಟಕಿಯ ಹತ್ತಿರದ ಮೇಜಿನಲ್ಲಿ ಒಟ್ಟಿಗೆ ಉಣ್ಣುವವರು. ಹೇಮಾಕ್ಷಿಯ ಬಸಳೆ ಗಸಿ ಆ ಕಡೆ ಹೋಗುತ್ತಿತ್ತು, ಜುವೈರಿಯಾಳ ತಾಯಿ ಸೌದಾ ಮಾಡಿದ ಪತ್ತಿರ್ ಎಂಬ ತೆಳು ಅಕ್ಕಿ ರೊಟ್ಟಿ ಈ ಕಡೆ ಬರುತ್ತಿತ್ತು. ಸೌದಾ ಕಾವೂರಿನಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದರು. ಇರುವುದು ಊರಿನ ಇನ್ನೊಂದು ತುದಿಯಲ್ಲಿ, ಮಗ ಹಿಶಾಮನ ಸಂಸಾರದ ಜೊತೆ ಇಕ್ಕಟ್ಟಿನಲ್ಲಿ. ಹೋಗಿ ಬರಲು ದಿನಕ್ಕೆ ನಾಲ್ಕು ಬಸ್ಸು ಹತ್ತಿ ಇಳಿಯಬೇಕು. “ನಿನ್ನೆ ಒಂದು ಮನೆ ನೋಡಿದೆವು ಹೇಮಕ್ಕ, ಆಗಲಿಲ್ಲ” ಎಂದು ಜುವೈರಿಯಾ ತಿಂಗಳಿಗೆರಡು ಸಲವಾದರೂ ಹೇಳುವಳು. “ಸಿಗ್ತದೆ, ನಿಧಾನಕ್ಕೆ ಸಿಗ್ತದೆ” ಎಂದು ಹೇಮಾಕ್ಷಿ ಪತ್ತಿರ್ ಮುರಿಯುವಳು. ಕಾವೂರಿನ ಮನೆ ಏಪ್ರಿಲಿನಲ್ಲಿ ಖಾಲಿಯಾದಾಗ ಅವಳಿಗೆ ಮೊದಲು ಹೊಳೆದದ್ದು ಈ ಹುಡುಗಿಯೇ. ಹೊಳೆದದ್ದು ನಿಜ. ಆ ಮೇಲೆ ಪಕ್ಕದ ಮನೆಯವರು ಏನಂದಾರು ಎಂಬುದು ಹೊಳೆಯಿತು, ಬೋಜನ ಅಣ್ಣ ಏನಂದಾರು ಎಂಬುದು ಹೊಳೆಯಿತು, ವರ್ಷಕ್ಕೊಮ್ಮೆ ಮನೆಯ ದೈವಕ್ಕೆ ತಂಬಿಲ ಕೊಡುವ ದಿನ ಬರುವ ನೆಂಟರು ಮೆಟ್ಟಿಲಿನ ಕಡೆ ನೋಡುವುದು ಹೊಳೆಯಿತು. ಮನೆ ಕಟ್ಟಿದ ಹೊಸದರಲ್ಲಿ ನಮ್ಮವರಿಗೆ ಮಾತ್ರ ಎಂದು ಹೇಳಿದ್ದು ಅತ್ತೆ. “ನನಗೆಂತ ಇಲ್ಲ, ಅಮ್ಮ ಇದ್ದಾರಲ್ಲ” ಎಂದಿದ್ದ ಬೋಜ. ತನ್ನದೇ ಮನೆಯನ್ನು ಕೇಳಿ ಬಂದವರಿಗೆ ತಾನೇ ನಿನ್ನೆಯಷ್ಟೇ ಕೊಟ್ಟಾಯಿತು ಎಂದು ಅವಳು ಬರೆದದ್ದು ಹಾಗೆ. ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಈಗ ಯಾರಿಗಾಗಿ ಎಂದು ಅವಳು ಬೋಜನನ್ನು ಕೇಳಲಿಲ್ಲ, ಬೋಜನೂ ಹೇಳಲಿಲ್ಲ. ಏಪ್ರಿಲಿನಿಂದ ಈಚೆಗೂ ಅವಳು ಮೂವರಿಗೆ ಹಾಗೆ ಬರೆದಿದ್ದಳು. ಜುವೈರಿಯಾ ದಿನವೂ ಆ ಪಟ್ಟಿಯನ್ನು ನೋಡುವವಳು, ಆದರೂ ಒಂದು ಸಲವೂ ಆ ಮನೆಯ ಮಾತೆತ್ತಿರಲಿಲ್ಲ. ಬೋಜ ಎಂಬ ಹೆಸರು ಯಾರದೋ ಎಂದುಕೊಂಡಿರಬೇಕು ಎಂದು ಹೇಮಾಕ್ಷಿ ಸಮಾಧಾನ ಪಟ್ಟುಕೊಂಡಿದ್ದಳು. ಇಷ್ಟು ಜಾಣೆಗೆ ಇದೊಂದು ತಿಳಿಯದಿರಲಿ ಎಂದು ಬೇಡಿಕೊಂಡಿದ್ದಳು ಎಂದರೂ ಸರಿಯೇ.

“ನೀವು ಉಣ್ಣಿ ಅಕ್ಕ, ನಂದು ಇದೊಂದು ಆಗ್ಲಿ” ಎಂದಳು ಜುವೈರಿಯಾ ಕುಳಿತಲ್ಲಿಂದಲೇ. ಸ್ವಲ್ಪ ಹೊತ್ತಿನ ಮೇಲೆ, ಯಾರಿಗೂ ಅಲ್ಲ ಎಂಬಂತೆ, “ಅಶ್ಮಿತಾ ಅಂತ ಹೆಸರು ಹಾಕಿ ಕೇಳಿದ್ರೆ ಖಾಲಿ ಉಂಟಂತೆ. ಹಿಶಾಮ್ ಅಂತ ಕೇಳಿದ್ರೆ ನಿನ್ನೆ ಕೊಟ್ಟಾಯಿತಂತೆ” ಎಂದಳು. ಸ್ವರದಲ್ಲಿ ಸಿಟ್ಟಿರಲಿಲ್ಲ, ತರಕಾರಿಯ ದರ ಓದಿದ ಹಾಗಿತ್ತು. ಹೇಮಾಕ್ಷಿ ಬಾಯಲ್ಲಿದ್ದ ತುತ್ತನ್ನು ಅಗಿಯುತ್ತಲೇ ಇದ್ದಳು.

ಎರಡು ಗಂಟೆಗೆ ಲಯನೆಲ್ ಅವಳನ್ನು ತಮ್ಮ ಕೋಣೆಗೆ ಕರೆದರು. ಬಾಗಿಲು ಮುಂದೆ ಮಾಡಿ, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ, “ಅವಳು ನನಗೆ ಹೇಳಿದಳು. ಎಂತ ಮಾಡುವ?” ಎಂದರು. ಹೇಮಾಕ್ಷಿ ಎದುರಿನ ಕುರ್ಚಿ ಎಳೆದು ಕುಳಿತಳು. “ಅದು ತಪ್ಪು ಕಲಿತದ್ದಲ್ಲ, ನೋಡಿ. ಸರಿಯಾಗಿಯೇ ಕಲಿತಿದೆ. ಅದೇ ತೊಂದರೆ” ಎಂದು ಅವರು ನಕ್ಕರು, ನಕ್ಕದ್ದು ಅವರಿಗೇ ಹಿಡಿಸಲಿಲ್ಲ. “ನಾನು ಹೇಳಿದ್ರೆ ಬೇರೆ ಆಗ್ತದೆ. ನೀವು ಹೇಳಿ. ಓನರ್‌ನವರು ಮನೆ ಕೊಟ್ಟಾದ ಮೇಲೆ ನಮಗೆ ಹೇಳುವುದಿಲ್ಲ, ಹಾಗಾಗಿ ಲಿಸ್ಟೇ ತಪ್ಪು, ಚಾಟ್ ಸರಿ ಅಂತ. ಕಾವೂರಿನ ಆ ಮನೆಯನ್ನು ಇವತ್ತೇ ಲಿಸ್ಟಿಂದ ತೆಗೆದುಬಿಡಿ, ಅಲ್ಲಿಗೆ ಮುಗೀತದೆ. ಅವಳೂ ಒಂದು ಕೂಸಲ್ವಾ, ಯಾಕೆ ಬೇಜಾರು ಮಾಡುವುದು?” ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. ಬೇಜಾರು ಮಾಡಬಾರದು ಎಂಬುದು ಅವರಿಗೂ ಅವಳಿಗೂ ಒಂದೇ ಆಗಿತ್ತು. ಕೆಲಸಕ್ಕೆ ಸೇರಿದ ವರ್ಷ ಆ ವಾಕ್ಯವನ್ನು ಓದಿ, “ಇದು ನೋಡಿ, ಹೀಗೆ ಹೇಳ್ಲಿಕ್ಕೆ ಬರ್ಬೇಕು” ಎಂದು ಎಲ್ಲರೆದುರು ಹೊಗಳಿದವರೂ ಅವರೇ. “ಆವು ಸರ್, ಹೇಳ್ತೇನೆ” ಎಂದಳು ಹೇಮಾಕ್ಷಿ. ಹೊರಗೆ ಬರುವಾಗ ಮನಸ್ಸು ಇಷ್ಟು ಹಗುರಾದದ್ದು ಅವಳಿಗೇ ಆಶ್ಚರ್ಯ ಹುಟ್ಟಿಸಿತು. ಒಂದು ಮಾತು ಸಾಕು. ಲಿಸ್ಟೇ ತಪ್ಪು. ಹುಡುಗಿ ನಂಬುತ್ತಾಳೆ, ನಂಬದಿರಲು ಕಾರಣವಿಲ್ಲ, ನಾಳೆ ಮತ್ತೆ ಬಸಳೆ ಗಸಿ ಆ ಕಡೆ ಹೋಗುತ್ತದೆ. ಹೇಳದೆ ಹೋದರೆ ಏನಾಗುತ್ತದೆ ಎಂಬುದನ್ನೂ ಅವಳು ಯೋಚಿಸಿದಳು. ಒಂದೇ ಮೇಜಿನಲ್ಲಿ ಎರಡು ವರ್ಷ ಉಂಡವಳು ತನ್ನ ಕಡೆ ತಿರುಗಿ ನೋಡುವ ನೋಟ ಅವಳಿಗೆ ಈಗಲೇ ಕಂಡಿತು. ಅದನ್ನು ತಡೆದುಕೊಳ್ಳಲು ತನ್ನಿಂದ ಸಾಧ್ಯವಿಲ್ಲ ಎನಿಸಿತು. ಬಾತ್‌ರೂಮಿಗೆ ಹೋಗಿ ಮುಖ ತೊಳೆದು, ಕನ್ನಡಿಯ ಎದುರು ಆ ಮಾತನ್ನು ಒಮ್ಮೆ ಮೆಲ್ಲಗೆ ಹೇಳಿ ನೋಡಿದಳು. ಚೆನ್ನಾಗಿ ಬಂತು.

ಅವಳು ಮರಳಿದಾಗ ಜುವೈರಿಯಾ ಕುರ್ಚಿ ಎಳೆದುಕೊಂಡು ಬಂದು ಅವಳ ಮೇಜಿನ ಪಕ್ಕದಲ್ಲೇ ಕುಳಿತಿದ್ದಳು. ತೊಡೆಯ ಮೇಲೆ ಲ್ಯಾಪ್‌ಟಾಪ್. “ಬಗ್ ಅಲ್ಲ ಅಕ್ಕ,” ಎಂದಳು. “ಹಳೇ ಚಾಟಿಂದಲೇ ಕಲಿತದ್ದು. ಕೊಟ್ಟಾಯಿತು ಅಂತ ಹೇಳಿ, ತಿಂಗಳು ಕಳೆದರೂ ಖಾಲಿಯೇ ಇದ್ದ ಮನೆಗಳದ್ದು ಬೇರೆ ಮಾಡಿದೆ. ಮುನ್ನೂರ ಹನ್ನೆರಡು ಉಂಟು.” ಇದೇ ಹೊತ್ತು, ಹೇಳಬೇಕಾದ ಮಾತು ತುದಿನಾಲಿಗೆಯಲ್ಲಿ ಸಿದ್ಧವಾಗಿತ್ತು. “ಲಿಸ್ಟ್...” ಎಂದು ಹೇಮಾಕ್ಷಿ ಶುರು ಮಾಡಿದಳು. ಅಷ್ಟರಲ್ಲಿ ಪರದೆಯ ಮೇಲಿನ ಹೆಸರು ಅವಳ ಕಣ್ಣಿಗೆ ಬಿತ್ತು. ಮೊಯ್ದೀನಬ್ಬ. ಅವರೇ, ಅದೇ ನಂಬರು. ಆ ಫೋನಿನ ನಂತರ ಅವರು ಚಾಟಿನಲ್ಲಿ ನಾಲ್ಕು ಸಲ ಬಂದಿದ್ದರು, ಒಂದೊಂದು ಸಲವೂ ಒಂದೆರಡು ವರ್ಷದ ಅಂತರದಲ್ಲಿ. ನಾಲ್ಕು ಸಲವೂ ಅವಳ ಛೆ, ಅವಳ ನಿನ್ನೆ. ಆದರೆ ಅದರ ಕೆಳಗೆ ಅವರ ಉತ್ತರಗಳಿದ್ದವು. ಹೇಮಾಕ್ಷಿ ಅವನ್ನು ಈವರೆಗೆ ಓದಿರಲಿಲ್ಲ. ಆ ವಾಕ್ಯವನ್ನು ಕಳಿಸಿದ ಕೂಡಲೇ ಚಾಟನ್ನು ಮುಚ್ಚಿಬಿಡುವುದು ಅವಳ ಅಭ್ಯಾಸ; ಮುಂದೆ ಅವರು ಏನು ಬರೆದರೂ ನೋಡುವ ಧೈರ್ಯ ಅವಳಿಗೆ ಯಾವತ್ತೂ ಇರಲಿಲ್ಲ. ‘ಪರವಾಗಿಲ್ಲ ಅಕ್ಕ, ನೀವು ಬೇಜಾರು ಮಾಡಬೇಡಿ.’ ಎರಡನೇ ಸಲ, ‘ಇರಲಿ ಅಕ್ಕ, ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ.’ ಮೂರನೇ ಸಲ, ‘ಮಗಳ ಶಾಲೆ ಮುಗಿಯಿತು, ಈಗ ಕಾಲೇಜಿಗೆ ಹತ್ತಿರ ನೋಡುತ್ತಿದ್ದೇನೆ. ಪರವಾಗಿಲ್ಲ.’ ನಾಲ್ಕನೆಯದು ಕಳೆದ ವರ್ಷದ್ದು. ‘ನೀವು ಹಾಗೆಯೇ ಹೇಳುತ್ತೀರಿ ಎಂದು ಗೊತ್ತಿತ್ತು. ನಿಮ್ಮದೇನೂ ತಪ್ಪಿಲ್ಲ ಅಕ್ಕ. ಆರೋಗ್ಯ ನೋಡಿಕೊಳ್ಳಿ.’

ಹೇಮಾಕ್ಷಿ ಆ ಸಾಲುಗಳ ಮೇಲಿನಿಂದ ಕಣ್ಣು ತೆಗೆಯಲಾರದೆ ಕುಳಿತಳು. ಎಂಟೋ ಒಂಬತ್ತೋ ವಯಸ್ಸಿನಲ್ಲಿ ಅಮ್ಮನ ಜೊತೆ ಅಲಸಂಡೆಯ ಕಟ್ಟು ಹೊತ್ತು ಜಮೀನ್ದಾರರ ಗುತ್ತಿನ ಮನೆಗೆ ಹೋದದ್ದು, ಮೂರು ಮೈಲಿಯ ಬಿಸಿಲು, ಅಂಗಳದಲ್ಲಿ ನಿಂತದ್ದು ನೆನಪಿಗೆ ಬಂತು. ಯಜಮಾನ್ತಿ ಒಳ್ಳೆಯವರು, ಜಗಲಿಯಲ್ಲಿ ಬಂದು ನಿಂತು ಒಳಗೂ ನೋಡುತ್ತಾರೆ ಇವರನ್ನೂ ನೋಡುತ್ತಾರೆ. ನೀರು ಕೊಡಬೇಕು, ಯಾವ ಚೊಂಬಿನಲ್ಲಿ ಕೊಡುವುದು, ಒಳಗಿನವರು ಏನೆನ್ನುತ್ತಾರೆ ಎಂಬ ಕಷ್ಟ ಅವರ ಮುಖದ ಮೇಲೆಯೇ ಇತ್ತು. ಅವರು ಬಾಯಿ ತೆರೆಯುವ ಮೊದಲೇ ಅಮ್ಮ, “ನಮಗೆ ಬಾಯಾರಿಕೆ ಇಲ್ಲ ಅಕ್ಕೆರೆ, ದಾರಿಯಲ್ಲಿ ಕುಡಿದೇ ಬಂದದ್ದು” ಎಂದಿದ್ದಳು. ದಾರಿಯಲ್ಲಿ ಎಲ್ಲಿಯೂ ಕುಡಿದಿರಲಿಲ್ಲ. ಯಜಮಾನ್ತಿಯ ಮುಖ ಸಡಿಲವಾಯಿತು. ನಕ್ಕು, ಹೇಮಾಕ್ಷಿಯ ಕೆನ್ನೆ ಮುಟ್ಟದೆ, ಕೈಗೆ ಒಂದು ಬಾಳೆಹಣ್ಣು ಹಾಕಿದರು. ಮರಳುವಾಗ ಗುಡ್ಡ ಇಳಿದು ಗದ್ದೆಯ ತೋಡಿಗೆ ಬಾಯಿ ಹಚ್ಚಿ ಇಬ್ಬರೂ ಕುಡಿದರು. ಯಾಕೆ ಸುಳ್ಳು ಹೇಳಿದೆ ಎಂದು ಅವಳು ಕೇಳಿದ್ದಕ್ಕೆ ಅಮ್ಮ, “ಪಾಪ, ಅವರಿಗೆ ಕಷ್ಟ ಆಗ್ತಿತ್ತು” ಎಂದಿದ್ದಳು. ಅಮ್ಮನ ಮೇಲೆ ಅವಳಿಗೆ ವಿಪರೀತ ಸಿಟ್ಟು ಬಂದಿತ್ತು, ತನ್ನ ಮಕ್ಕಳು ಯಾರ ಅಂಗಳದಲ್ಲಿಯೂ ಹಾಗೆ ನಿಲ್ಲಬಾರದು ಎಂದು ಆಗಲೇ ಅಂದುಕೊಂಡಿದ್ದಳು. ಅಂದುಕೊಂಡ ಹಾಗೆಯೇ ಆಗಿತ್ತು. ತಾನು ಜಗಲಿಯಲ್ಲಿ ನಿಂತಿರುವುದು ಮಾತ್ರ ಇಷ್ಟು ವರ್ಷ ಅವಳಿಗೆ ಕಂಡಿರಲಿಲ್ಲ.

“ಲಿಸ್ಟ್ ಎಂತ ಹೇಮಕ್ಕ?” ಎಂದಳು ಜುವೈರಿಯಾ.

“ಎಂತ ಇಲ್ಲ” ಎಂದಳು.

“ಈ ಮುನ್ನೂರ ಹನ್ನೆರಡನ್ನೂ ನಾನು ತೆಗೆದುಬಿಡ್ತೇನೆ. ಆದ್ರೆ ತೆಗೆದ್ರೆ ಸಾಕಾಗುವುದಿಲ್ಲ, ಅದರ ಬದಲಿಗೆ ಎಂತ ಹೇಳ್ಬೇಕು ಅಂತ ಅದಕ್ಕೆ ತೋರಿಸಿಕೊಡ್ಬೇಕು. ಅದನ್ನು ನೀವೇ ಬರೀಬೇಕು ಅಕ್ಕ, ನಂಗೆ ನಿಮ್ಮ ಹಾಗೆ ಬರೀಲಿಕ್ಕೆ ಬರುವುದಿಲ್ಲ.” ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದಳು. ಮೇಲೆ ಬೆಳಗಿನ ಪ್ರಶ್ನೆಯೇ ಇತ್ತು: ‘ನಾನು ಜುವೈರಿಯಾ. ಕಾವೂರು ಕೆರೆಯ ಹತ್ತಿರದ ಮೇಲಿನ ಮನೆ ಖಾಲಿ ಉಂಟಾ?’ ಅದರ ಕೆಳಗೆ ಖಾಲಿ ಚೌಕ, ಒಳಗೆ ಮಿಣುಕುವ ಒಂದು ಗೆರೆ. ಲಯನೆಲ್‌ರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಅವರು ಫೋನಿನಲ್ಲಿ ಯಾರಿಗೋ ಸೋಮವಾರ ಖಂಡಿತ ಎನ್ನುತ್ತಿದ್ದರು. ಕೆಳಗಿನ ರಸ್ತೆಯಲ್ಲಿ ಬಸ್ಸಿನವನು ಊರುಗಳ ಹೆಸರನ್ನು ಒಂದೇ ಉಸಿರಿಗೆ ಕೂಗುತ್ತಿದ್ದ. ಹೇಮಾಕ್ಷಿ ಕೀಲಿಗಳ ಮೇಲೆ ಬೆರಳಿಟ್ಟಳು. ಮೊದಲು ಛೆ ಎಂದು ಬರೆದಳು, ಅಳಿಸಿದಳು. ಅವಳ ಬೆರಳುಗಳಿಗೆ ಆ ವಾಕ್ಯವೊಂದೇ ತಾನಾಗಿ ಬರುತ್ತಿತ್ತು, ಬೇರೆ ಯಾವುದನ್ನೂ ಒಂದೊಂದೇ ಅಕ್ಷರ ಹುಡುಕಿ ತರಬೇಕಾಯಿತು. ಹುಡುಗಿ ಪಕ್ಕದಲ್ಲಿ ಆತುರಪಡಿಸದೆ ಕುಳಿತಿದ್ದಳು. ಅವಳ ಬಟ್ಟೆಯಿಂದ ಕಪಾಟಿನಲ್ಲಿ ಮಡಿಸಿಟ್ಟ ವಾಸನೆ ಬರುತ್ತಿತ್ತು.

‘ಹೌದು, ಖಾಲಿ ಉಂಟು. ಏಪ್ರಿಲಿನಿಂದ ಖಾಲಿಯೇ ಉಂಟು. ಯಾರಿಗೂ ಕೊಟ್ಟಿರಲಿಲ್ಲ. ಅದು ನನ್ನ ಮನೆ.’ ಇಷ್ಟು ಬರೆಯಲು ಎಷ್ಟು ಹೊತ್ತಾಯಿತೋ ಅವಳಿಗೆ ತಿಳಿಯಲಿಲ್ಲ. ನಿಲ್ಲಿಸಿ, ಮತ್ತೆ ಬರೆದಳು: ‘ನೀನು ಮತ್ತು ನಿನ್ನ ಉಮ್ಮ ಯಾವಾಗ ನೋಡಲು ಬರುತ್ತೀರಿ?’ ಗಿರಾಕಿಯೊಬ್ಬರಿಗೆ ನೀನು ಎಂದು ಬರೆದದ್ದು ಒಂಬತ್ತು ವರ್ಷದಲ್ಲಿ ಇದೇ ಮೊದಲು. ಅವಳಿಗೆ ಜೋರಾಗಿ ಅಳಬೇಕೆನಿಸಿತು, ಅಳುವ ಹಕ್ಕು ತನ್ನದಲ್ಲವಲ್ಲ ಎಂದೂ ಅನಿಸಿತು. ಲ್ಯಾಪ್‌ಟಾಪನ್ನು ಜುವೈರಿಯಾಳ ಕಡೆ ಸರಿಸಿ, ಅವಳ ಮುಖ ನೋಡಲಾಗದೆ ತನ್ನ ಬಳೆಗಳನ್ನು ನೋಡುತ್ತ ಕುಳಿತಳು.

ಜುವೈರಿಯಾ ಓದಿದಳು. ಒಂದು ಸಲ ಓದಿ ಮುಗಿಸುವುದಕ್ಕಿಂತ ಹೆಚ್ಚು ಹೊತ್ತು ಅವಳ ಕಣ್ಣು ಅಲ್ಲಿಯೇ ಇತ್ತು. “ಇದು ಅದಕ್ಕೆ ಕಲಿಸ್ಲಿಕ್ಕಾಗುವುದಿಲ್ಲ ಅಕ್ಕ,” ಎಂದಳು ಕೊನೆಗೆ, ತುಸು ನಕ್ಕು. “ಎಲ್ಲರಿಗೂ ನನ್ನ ಮನೆ ನನ್ನ ಮನೆ ಅಂತ ಹೇಳ್ಲಿಕ್ಕೆ ಶುರು ಮಾಡೀತು.”

“ಜುವೈರಿಯಾ, ನಾನು...”

“ಗೊತ್ತುಂಟು ಹೇಮಕ್ಕ. ನಿಮ್ಮ ಮನೆ ಅಂತ ಗೊತ್ತುಂಟು. ಲಿಸ್ಟಲ್ಲಿರುವ ನಂಬರು ಬೋಜಣ್ಣನದ್ದಲ್ವಾ. ನೀವು ರಜೆ ಹಾಕಿದ ದಿನ ನಾನು ಅದಕ್ಕೇ ಫೋನ್ ಮಾಡುವುದು.”

ಹೇಮಾಕ್ಷಿ ತಲೆ ಎತ್ತಿದಳು. ಅವಳು ಹೆದರಿದ್ದ ಆ ನೋಟ ಅಲ್ಲಿರಲಿಲ್ಲ. ಹುಡುಗಿಯ ಮುಖ ದಣಿದಿತ್ತು, ಬೆಳಗಿನಿಂದ ಊಟವಿಲ್ಲದ ದಣಿವು. “ಏಪ್ರಿಲಿನಿಂದ ಗೊತ್ತುಂಟಾ?”

“ಹೂಂ.”

“ಮತ್ತೆ ಒಂದು ದಿನವೂ ಕೇಳಲಿಲ್ಲ ನೀನು.”

ಜುವೈರಿಯಾ ಚೌಕದಲ್ಲಿದ್ದ ಸಾಲುಗಳನ್ನು ಅಳಿಸದೆ, ಉಳಿಸದೆ, ಲ್ಯಾಪ್‌ಟಾಪಿನ ಅಂಚನ್ನು ಬೆರಳಿನಿಂದ ಒರೆಸಿದಳು.

“ಕೇಳಿದ್ರೆ ನೀವು ನನ್ನ ಹತ್ರ ಸುಳ್ಳು ಹೇಳ್ಬೇಕಾಗ್ತಿತ್ತಲ್ವಾ ಅಕ್ಕ,” ಎಂದಳು. “ನಾಳೆ ಪುನಃ ಒಟ್ಟಿಗೆ ಕೂತು ಉಣ್ಣುವವರು. ಮನೆ ಅಕ್ಕನಿಗಾದ್ರೆ ಎಂತದೂ ಅನಿಸುವುದಿಲ್ಲ ಅಂತ ಇವತ್ತು ಅದರ ಹತ್ರ ಕೇಳಿದೆ.”